ದಿಮ್ಮಿಗೆ ನಂಬರ್ ಇದೆ, ಸಮಾಧಿಗೆ?

ಹಾರಂಗಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರ ಫೋನಲ್ಲಿ ಡ್ಯಾಮಿನ ಗೇಟ್ ತೆಗೆದಾಗಿನ ರೀಲ್ಸ್ ಇರುತ್ತೆ. 1982ರಲ್ಲಿ ಮುಗಿದ ಅಣೆಕಟ್ಟು, ಅದರ ಹಿಂದೆ ನೀರು, ನೀರಿನಾಚೆ ಕಾಡು. ಇವತ್ತಿನ ಮಾತು ಆ ಕಾಡಿನದು, ಕಾಡಲ್ಲಿ ಮರ ಎಳೆದವರದು. ಆದ್ರೆ ಮೊದಲು ಸ್ವಲ್ಪ ದೂರ, ಕೆನಡಾಕ್ಕೆ ಹೋಗಿ ಬರೋಣ.

ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಒಳಗೆ ಕಾಡು ಸುತ್ತಿಕೊಂಡ ಒಂದು ದೊಡ್ಡ ಸರೋವರ ಇದೆ. ಅದರ ದಡದಲ್ಲಿ ಬಿಯೋಥುಕ್ ಜನ ಇದ್ದರು. 1819ರಲ್ಲಿ ಡೆಮಾಸ್ದುಯಿಟ್ ಎಂಬ ಹೆಣ್ಣುಮಗಳನ್ನು ಬಿಳಿಯರು ಹಿಡಿದುಕೊಂಡು ಹೋದರು. ಬಿಡಿಸೋಕೆ ಬಂದ ಗಂಡನನ್ನು ಅಲ್ಲೇ ಕೊಂದರು. ಮರುವರ್ಷ ಆಕೆಯೂ ಕ್ಷಯದಿಂದ ತೀರಿಕೊಂಡಳು. 1829ರಲ್ಲಿ ಶಾನಾದಿಥಿತ್ ಸತ್ತಾಗ, ನಮಗೆ ಹೆಸರು ಗೊತ್ತಿರೋ ಕೊನೆಯ ಬಿಯೋಥುಕ್ ಹೋದಂತಾಯ್ತು. ಆಮೇಲೆ ಮರದ ವ್ಯಾಪಾರ ಬಂತು. ಸರೋವರದ ದಡದಲ್ಲಿ ಮಿಲ್ಲರ್ ಎಂಬ ಸ್ಕಾಟ್ಲೆಂಡಿನ ವ್ಯಾಪಾರಿಯ ಹೆಸರಲ್ಲೇ ಒಂದು ಊರು ಎದ್ದಿತು. ಆ ಗಂಡಹೆಂಡತಿಯ ತಲೆಬುರುಡೆಗಳನ್ನು ಸಮಾಧಿಯಿಂದ ತೆಗೆದು ಎಡಿನ್‌ಬರೊಗೆ ಸಾಗಿಸಿದ್ದರು. ಅವು ದ್ವೀಪಕ್ಕೆ ವಾಪಸ್ ಬಂದದ್ದು 2020ರಲ್ಲಿ.

ಈಗ ಕೊಡಗಿಗೆ ಬನ್ನಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ತಗೊಂಡರು. ಹಾರಂಗಿ ಪಕ್ಕದ ಕುಶಾಲನಗರಕ್ಕೆ ಫ್ರೇಜರ್ ಎಂಬ ಅಧಿಕಾರಿಯ ಹೆಸರಿಟ್ಟು ಫ್ರೇಜರ್‌ಪೇಟೆ ಅಂದರು. ಆ ಹೆಸರು ಈಗಲೂ ಹಳಬರ ಬಾಯಲ್ಲಿದೆ. ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು, ಕಾಡು ಸರ್ಕಾರದ್ದಾಯ್ತು, ತೇಗದ ತೋಪುಗಳು ಬಂದವು. ತಮಾಷೆ ಅಂದ್ರೆ, ಆ ತೇಗ ನೆಡೋಕೂ ಕುಮರಿ ಮಾಡ್ತಿದ್ದ ಕೈಗಳೇ ಬೇಕಾದವು. ಸಾಲಿನ ನಡುವೆ ಬೆಳೆ ತಗೊಳ್ಳಿ, ಸಸಿ ಎದ್ದಮೇಲೆ ಮುಂದಕ್ಕೆ ಹೋಗಿ. ಒಪ್ಪಂದ ಅಷ್ಟೇ.

ಮರ ಬೆಳೆದ ಮೇಲೆ ಅದನ್ನ ಎಳೆಯೋಕೆ ಆನೆ ಬೇಕು, ಆನೆಗೆ ಮಾವುತ ಬೇಕು, ಕಾವಾಡಿ ಬೇಕು. ದುಬಾರೆಯಂಥ ಕ್ಯಾಂಪುಗಳಲ್ಲಿ ಆ ಕೆಲಸ ಮಾಡಿದವರಲ್ಲಿ ಜೇನುಕುರುಬರೇ ಮುಖ್ಯರು. ಇವತ್ತು ನಾವು ಟಿಕೆಟ್ ತಗೊಂಡು ಆನೆ ಸ್ನಾನ ನೋಡೋ ಜಾಗ ಮೂಲದಲ್ಲಿ ನಾಟಾ ಸಾಗಿಸೋ ಕ್ಯಾಂಪು.

ಬಿ.ಕಾಂ. ಓದಿದ ನನಗೆ ಏನು ನೋಡಿದ್ರೂ ಲೆಕ್ಕದ ಪುಸ್ತಕ ನೆನಪಾಗುತ್ತೆ. ಕಡಿದ ಪ್ರತಿ ದಿಮ್ಮಿಗೂ ನಂಬರ್ ಹೊಡೀತಾರೆ, ಉದ್ದ, ಸುತ್ತಳತೆ ಬರೀತಾರೆ. ಆನೆಗೂ ಹೆಸರು, ವಯಸ್ಸು, ರಿಜಿಸ್ಟರ್ ಇದೆ. ಅದನ್ನ ನಡೆಸಿದವನ ಹಾಡಿ ಎಲ್ಲಿತ್ತು, ಅವನ ಅಜ್ಜನನ್ನ ಎಲ್ಲಿ ಮಣ್ಣು ಮಾಡಿದ್ರು ಅನ್ನೋದಕ್ಕೆ ಯಾವ ಕಾಲಮ್ಮೂ ಇರಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಆ ಕಾಲಮ್ ಬಂತು. ಅದರ ನಿಯಮಗಳಲ್ಲಿ ಸ್ಮಶಾನ, ದೇವರ ಜಾಗ, ಹಿರಿಯರು ಹೇಳಿದ್ದನ್ನು ಬರೆದುಕೊಂಡದ್ದು, ಇವೆಲ್ಲ ಸಾಕ್ಷಿ. 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಅಲ್ಲಿದ್ರು ಅಂತ ತೋರಿಸಬೇಕು. ನನಗೆ ಇಡೀ ಕಾಯ್ದೆಯಲ್ಲಿ ತುಂಬಾ ಹಿಡಿಸಿದ್ದು ಇದೇ. ಸಮಾಧಿಯನ್ನು ಮ್ಯೂಸಿಯಂ ಸಾಮಾನು ಮಾಡದೆ, ಬದುಕಿರೋವರ ಹಕ್ಕುಪತ್ರಕ್ಕೆ ದಾಖಲೆ ಮಾಡಿದ್ದು.

ಬಿಯೋಥುಕ್ ಹೋಲಿಕೆ ಇಲ್ಲಿಗೆ ನಿಲ್ಲುತ್ತೆ. ಜೇನುಕುರುಬರು ಇದ್ದಾರೆ, ಕೇಳ್ತಾ ಇದ್ದಾರೆ.

2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದರು. ಆ ಕುಟುಂಬಗಳಿಗೆ ಆಮೇಲೆ ಜಾಗ ಕೊಟ್ಟದ್ದು ಹಾರಂಗಿ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ. ಮನೆ ಕೊಟ್ಟದ್ದು ಒಳ್ಳೇದೇ. ಆದ್ರೆ ಹೂತವರನ್ನ ಹೊಸ ಸೈಟಿಗೆ ಶಿಫ್ಟ್ ಮಾಡೋಕಾಗಲ್ಲ.

ಇದೇ ಜಿಲ್ಲೆಯ ದಕ್ಷಿಣಕ್ಕೆ, ನಾಗರಹೊಳೆಯೊಳಗಿನ ಕರಡಿಕಲ್ಲಿಗೆ 2025ರ ಮೇ ತಿಂಗಳಲ್ಲಿ 50ರಷ್ಟು ಜೇನುಕುರುಬ ಕುಟುಂಬಗಳು ತಾವಾಗಿ ವಾಪಸ್ ಬಂದು ಗುಡಿಸಲು ಹಾಕಿದವು. ನಮ್ಮ ದೇವರು, ಹಿರಿಯರ ಸಮಾಧಿ ಇಲ್ಲೇ ಇವೆ ಅಂದವು. ಹಕ್ಕು ಮಂಜೂರಾಗದೆ ಇಲ್ಲಿ ಇರೋ ಹಾಗಿಲ್ಲ ಅಂತ ಇಲಾಖೆ ಹೇಳ್ತು. ಅರ್ಜಿ ಹಾಕಿ ವರ್ಷಗಳಾದವು ಅಂತ ಅವರು.