ಆವಿಯಾಗಿ ಹೋಗುವ ನೀರು

ಕೆರೆಯ ತೂಬನ್ನೆತ್ತಿ ಗದ್ದೆಗೆ ನೀರು ಬಿಡುವ ನೀರಗಂಟಿಯನ್ನು, ಇಷ್ಟು ನೀರೂ ಎಲ್ಲಿ ಹೋಯಿತೆಂದು ಕೇಳಿದರೆ, ನೆಲ ಕುಡಿಯಿತು, ಪೈರು ಕುಡಿಯಿತು, ಬಿಸಿಲು ಕುಡಿಯಿತು ಎಂದು ಉತ್ತರ ಹೇಳಿಯಾನು. ಆ ಉತ್ತರ ಸರಿಯಾದುದೇ. ನೆಲದೊಳಕ್ಕೆ ಇಂಗಿದ ನೀರು ಕೆಳಗಿನ ಬಾವಿಯಲ್ಲಿಯಾದರೂ ಮತ್ತೆ ಕಾಣಿಸಿಕೊಳ್ಳುವುದುಂಟು. ಪೈರಿನ ಎಲೆಗಳಿಂದಲೂ ಒದ್ದೆ ಮಣ್ಣಿನಿಂದಲೂ ಆವಿಯಾಗಿ ಹೋದುದು ಮಾತ್ರ ಆ ಗದ್ದೆಯ ಪಾಲಿಗೆ ಹೋದಂತೆಯೇ. ಇವೆರಡನ್ನೂ ಕೂಡಿಸಿ ಬಾಷ್ಪವ್ಯಯವೆಂದು ಕರೆಯೋಣ. ಕಾಲುವೆಗೆ ಎಷ್ಟು ನೀರು ಬಿಡಬೇಕು, ಅದರ ಕೊನೆಯಲ್ಲಿರುವ ರೈತನಿಗೆ ಏನು ಉಳಿದೀತು ಎಂಬ ಪ್ರಶ್ನೆಗಳು ಈ ಕಾಣದ ವ್ಯಯವನ್ನೇ ಅವಲಂಬಿಸಿವೆ. ಇದನ್ನು ಅಳೆಯಲು ನಡೆದ ಪ್ರಯತ್ನದ ಚರಿತ್ರೆಯನ್ನು ನಾವು ಈಗ ಸ್ವಲ್ಪ ಪರಿಶೀಲಿಸೋಣ.

ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1687ರಲ್ಲಿ ಒಂದು ಸಣ್ಣ ಪ್ರಯೋಗವನ್ನು ಪ್ರಕಟಿಸಿದನು. ತಟ್ಟೆಯೊಂದರಲ್ಲಿ ಸಮುದ್ರದ ನೀರಿನಷ್ಟೇ ಉಪ್ಪಾದ ನೀರನ್ನು ತುಂಬಿ, ಬೇಸಗೆಯ ಗಾಳಿಯಷ್ಟು ಬೆಚ್ಚಗಿರಿಸಿ, ತಕ್ಕಡಿಗೆ ತೂಗುಹಾಕಿ, ಎರಡು ಗಂಟೆಗಳಲ್ಲಿ ತೂಕ ಎಷ್ಟು ಕಡಮೆಯಾಯಿತೆಂದು ನೋಡಿದನು. ಇದರಿಂದ ದಿವಸವೊಂದಕ್ಕೆ ಅಂಗುಲದ ಹತ್ತನೆಯ ಒಂದು ಪಾಲು ಆವಿಯಾಗುವುದೆಂದು ಗೊತ್ತುಮಾಡಿ, ಮೆಡಿಟರೇನಿಯನ್ ಸಮುದ್ರವು ಬೇಸಗೆಯ ಒಂದು ದಿನದಲ್ಲಿ 528 ಕೋಟಿ ಟನ್ನು ನೀರನ್ನು ಕಳೆದುಕೊಳ್ಳುತ್ತದೆಂದು ಲೆಕ್ಕ ಹಾಕಿದನು. ಒಂಬತ್ತು ದೊಡ್ಡ ನದಿಗಳು ಅದಕ್ಕೆ ತಂದು ಸುರಿಯುವುದು ಅವನ ಎಣಿಕೆಯಲ್ಲಿ ಸುಮಾರು 183 ಕೋಟಿ ಟನ್ನು ಮಾತ್ರ. ಒಂದೊಂದು ನದಿಯೂ ಥೇಮ್ಸಿನ ಹತ್ತರಷ್ಟೆಂದು ಅವನು ಊಹಿಸಿದುದು ಧಾರಾಳವಾದ ಊಹೆಯೇ ಸರಿ. ಆದರೂ ಒಂದು ತಟ್ಟೆಯಿಂದ ಒಂದು ಸಮುದ್ರಕ್ಕೆ ಹಾರಿದ ಆ ಧೈರ್ಯವನ್ನು ನಾವು ಮೆಚ್ಚಲೇಬೇಕು.

ಹ್ಯಾಲಿ ನೀರನ್ನು ತೂಗಿದನು. ಗಿಡವನ್ನು ತೂಗಿದವನು ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಈತನು 1724ರ ಬೇಸಗೆಯಲ್ಲಿ ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವೊಂದನ್ನು ಕುಂಡದಲ್ಲಿಟ್ಟು, ಮಣ್ಣಿನಿಂದ ಆವಿ ಹೋಗದ ಹಾಗೆ ಸೀಸದ ತಗಡನ್ನು ಮುಚ್ಚಿ, ಬೆಳಗ್ಗೆ ಸಂಜೆ ತೂಗುತ್ತ ಬಂದನು. ಹನ್ನೆರಡು ಗಂಟೆಗಳ ಹಗಲಿನಲ್ಲಿ ಅದು ಸರಾಸರಿ 20 ಔನ್ಸು ನೀರನ್ನು ಹೊರಬಿಡುತ್ತಿತ್ತು. ಸಮ ಗಾತ್ರಕ್ಕೆ ಹೋಲಿಸಿದರೆ ಮನುಷ್ಯನ ಬೆವರಿಗಿಂತ ಇದು ಹದಿನೇಳರಷ್ಟು ಎಂದು ಅವನು ಬರೆದಿಟ್ಟಿದ್ದಾನೆ.

ನೀರು ಆವಿಯಾಗುವ ವೇಗವು ಏತರಿಂದ ನಿರ್ಣಯವಾಗುತ್ತದೆ? ಇದಕ್ಕೆ ಉತ್ತರ ಕೊಟ್ಟವನು ಜಾನ್ ಡಾಲ್ಟನ್. ನೀರಿನ ಮೇಲ್ಮೈಯಲ್ಲಿರುವ ಆವಿಯ ಒತ್ತಡಕ್ಕೂ ಗಾಳಿಯಲ್ಲಿ ಆಗಲೇ ಇರುವ ಆವಿಯ ಒತ್ತಡಕ್ಕೂ ಇರುವ ಅಂತರವೇ ಮುಖ್ಯ, ಬೀಸುವ ಗಾಳಿ ಅದಕ್ಕೆ ಸಹಾಯಕ ಎಂದು ಅವನು 1802ರಲ್ಲಿ ತಿಳಿಸಿದನು. ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗದೆ ಗೃಹಿಣಿಯರು ಪಡುವ ಪಾಡೆಲ್ಲ ಈ ಒಂದು ನಿಯಮದಲ್ಲಿದೆ.

ಆದರೆ ಕಾಲುವೆಗಳನ್ನು ತೋಡಿದ ಇಂಜನಿಯರುಗಳು ಈ ಶಾಸ್ತ್ರವನ್ನು ಬಹುಕಾಲ ಹೆಚ್ಚಾಗಿ ಹಚ್ಚಿಕೊಳ್ಳಲಿಲ್ಲ. ಸೆಕೆಂಡಿಗೆ ಒಂದು ಘನ ಅಡಿಯಂತೆ ಹರಿಯುವ ನೀರು ಎಷ್ಟು ಎಕರೆಯನ್ನು ಸಾಗುವಳಿ ಮಾಡಿಸುತ್ತದೆಂಬ ‘ಡ್ಯೂಟಿ’ಯ ಲೆಕ್ಕವೇ ಅವರಿಗೆ ಸಾಕಾಗಿತ್ತು. ಅದು ಅನುಭವದಿಂದ ಹುಟ್ಟಿದ ಲೆಕ್ಕ. ಅದನ್ನು ಹೀಗಳೆಯುವುದು ತರವಲ್ಲ. ಆದರೆ ಅದು ಹೇಳುವುದು ಕೊಟ್ಟ ನೀರಿನ ಮಾತನ್ನು, ಪೈರಿಗೆ ಬೇಕಾದ ನೀರಿನ ಮಾತನ್ನಲ್ಲ. ಮೇಲಿನ ಗದ್ದೆಯವನು ಪೋಲುಮಾಡಿದುದೂ ಅವನ ಅವಶ್ಯಕತೆಯೆಂದೇ ಅದರಲ್ಲಿ ಸೇರಿಹೋಗುತ್ತದೆ. ಕೊನೆಯವನ ಕೊರತೆ ಎಲ್ಲಿಯೂ ಬರುವುದಿಲ್ಲ.

1948ರಲ್ಲಿ, ಅಟ್ಲಾಂಟಿಕಿನ ಎರಡು ದಡಗಳಲ್ಲಿಯೂ, ಈ ವಿಷಯದ ಮೇಲೆ ಮಹತ್ವದ ಲೇಖನಗಳು ಹೊರಬಂದವು. ಅಮೆರಿಕದ ಥಾರ್ನ್‌ತ್‌ವೇಟನು ಉಷ್ಣತೆಯಿಂದಲೂ ಹಗಲಿನ ಉದ್ದದಿಂದಲೂ ವ್ಯಯವನ್ನು ಅಂದಾಜುಮಾಡುವ ಕ್ರಮವನ್ನು ಕೊಟ್ಟನು. ಅದು ಸುಲಭವೇನೋ ಹೌದು, ಆದರೆ ಒಣ ಸೀಮೆಗಳಲ್ಲಿ ಬಹಳ ಕಡಮೆ ತೋರಿಸುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕ್ಷೇತ್ರದ ಪೆನ್‌ಮನ್ ಎಂಬ ಭೌತವಿಜ್ಞಾನಿ ಹಿಡಿದ ದಾರಿಯೇ ಹೆಚ್ಚು ಗಟ್ಟಿಯಾದುದೆಂದು ನಮ್ಮ ಅಭಿಪ್ರಾಯ. ಒಂದು ಗ್ರಾಮು ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖ ಮುಖ್ಯವಾಗಿ ಸೂರ್ಯನಿಂದ ಬರಬೇಕು. ಬಂದ ಶಾಖದ ಜಮಾಖರ್ಚನ್ನೂ ಡಾಲ್ಟನನ ಗಾಳಿಯ ನಿಯಮವನ್ನೂ ಅವನು ಒಂದೇ ಸೂತ್ರದಲ್ಲಿ ಪೋಣಿಸಿದನು. ದಕ್ಷಿಣ ಇಂಗ್ಲೆಂಡಿನಲ್ಲಿ ಹುಲ್ಲಿನ ವ್ಯಯವು ತೆರೆದ ನೀರಿನದರಲ್ಲಿ ಬೇಸಗೆಯಲ್ಲಿ 0.8, ಚಳಿಗಾಲದಲ್ಲಿ 0.6 ಪಾಲೆಂದು ಕಂಡುಕೊಂಡನು. 1965ರಲ್ಲಿ ಮಾಂಟೀತ್, ಎಲೆಯ ಸೂಕ್ಷ್ಮ ರಂಧ್ರಗಳು ಆವಿಗೆ ಒಡ್ಡುವ ತಡೆಯನ್ನೂ ಇದಕ್ಕೆ ಸೇರಿಸಿದನು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ಈ ಸೂತ್ರವನ್ನೇ ಪ್ರಮಾಣವೆಂದು ಅಂಗೀಕರಿಸಿತು. ನೀರಿನ ಕೊರತೆಯಿಲ್ಲದ, 12 ಸೆಂಟಿಮೀಟರು ಎತ್ತರದ ಹುಲ್ಲಿಗೆ ಮೊದಲು ಲೆಕ್ಕ ಮಾಡಿ, ಅದನ್ನು ಆಯಾ ಬೆಳೆಯ ಗುಣಕದಿಂದ ಗುಣಿಸಬೇಕು. ಹುಲ್ಲಿನ ವ್ಯಯ ದಿನಕ್ಕೆ 5 ಮಿಲಿಮೀಟರೆಂದು ಇಟ್ಟುಕೊಂಡರೆ, ನಡುಪ್ರಾಯದ ಬತ್ತಕ್ಕೆ ಗುಣಕ 1.2 ಆದುದರಿಂದ 6 ಮಿಲಿಮೀಟರಾಯಿತು. ಎಂದರೆ ಎಕರೆಗೆ ಸುಮಾರು 24,000 ಲೀಟರು. ಗದ್ದೆಯಲ್ಲಿ ಇಂಗುವುದು ಇದಕ್ಕೆ ಹೊರತು. ಮೊಣಕಾಲುದ್ದ ನೀರು ನಿಲ್ಲಿಸಿದ ಮಾತ್ರಕ್ಕೆ ಈ ಅಂಕೆ ಏರುವುದಿಲ್ಲ. ಏಕೆಂದರೆ ಸೂರ್ಯನು ಕೊಡುವ ಶಾಖ ಅಷ್ಟೇ.

ಸೂತ್ರಕ್ಕೆ ಬೇಕಾದ ಬಿಸಿಲು, ಗಾಳಿ, ತೇವಗಳ ಅಳತೆ ಸಿಕ್ಕದ ಕಡೆ ಹ್ಯಾಲಿಯ ತಟ್ಟೆಯೇ ಇಂದಿಗೂ ಗತಿ. ಈಗ ಅದು ನಾಲ್ಕು ಅಡಿ ಅಡ್ಡಳತೆಯ, ಹತ್ತು ಅಂಗುಲ ಆಳದ ಲೋಹದ ತೊಟ್ಟಿ. ಅದರಲ್ಲಿ ಇಳಿದ ನೀರಿನ ಸುಮಾರು 0.7 ಪಾಲನ್ನು ಹುಲ್ಲಿನ ವ್ಯಯವೆಂದು ಎಣಿಸುವುದು ವಾಡಿಕೆ. ನಮ್ಮ ದೇಶದಲ್ಲಿ ಹಕ್ಕಿಗಳು ಬಂದು ಕುಡಿಯದಿರಲೆಂದು ಅದಕ್ಕೆ ತಂತಿಯ ಬಲೆಯನ್ನು ಹೊದಿಸುತ್ತಾರೆ. ಬಲೆ ಹೊದಿಸಿದರೆ ಆವಿ ಸ್ವಲ್ಪ ಕಡಮೆಯಾಗುತ್ತದೆ. ಲೆಕ್ಕದಲ್ಲಿ ಅದಕ್ಕೂ ಒಂದು ತಿದ್ದುಪಡಿ ಬೇಕು.