ಝುಲ್ಮೆ ಯಾವ ಊರವಳು?

ಬ್ಯಾಲೆ ಯುರೋಪಿನ ಅಚ್ಚ ಸ್ವಂತ ಆಸ್ತಿ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅದರ ಹಳೆಯ ಕಥೆಗಳಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳ ನೆರಳು ಆಗಾಗ ಸುಳಿಯುತ್ತದೆ. 1838ರಲ್ಲಿ ಪುದುಚೇರಿ ಸೀಮೆಯ ದೇವದಾಸಿಯರ ತಂಡವೊಂದು ಪ್ಯಾರಿಸ್ಸಿಗೆ ಹೋಗಿ ನರ್ತಿಸಿತು. ಅವರಲ್ಲಿ ಅಮನಿ ಎಂಬವಳನ್ನು ಕಂಡು ಬೆರಗಾಗಿ ಬರೆದವನು ಕವಿ ತಿಯೋಫಿಲ್ ಗೋತಿಯೆ. ಮೂರು ವರ್ಷಗಳ ತರುವಾಯ ಅದೇ ಗೋತಿಯೆ ‘ಜಿಸೆಲ್’ ಬ್ಯಾಲೆಯ ಕಥೆ ಹೆಣೆಯಲು ಕೈಹಾಕಿದ. ಪ್ರೀತಿಯಲ್ಲಿ ಮೋಸಹೋಗಿ ಸತ್ತ ಹಳ್ಳಿಯ ಹುಡುಗಿ, ಮದುವೆಗೆ ಮೊದಲೇ ತೀರಿಕೊಂಡ ಕನ್ಯೆಯರ ಪ್ರೇತಗಳನ್ನು ಸೇರುವ ಕಥೆ ಅದು. ಆ ಪ್ರೇತಗಳಲ್ಲೊಬ್ಬಳಾದ ಝುಲ್ಮೆ ಭಾರತದ ನರ್ತಕಿಯೆಂದು ಮೂಲ ಕಥಾಪಾಠದಲ್ಲಿದೆ. ಈಗಿನ ಪ್ರಯೋಗಗಳಲ್ಲಿ ಅವಳ ಹೆಸರು ಉಳಿದಿದೆ, ಊರು ಅಳಿಸಿಹೋಗಿದೆ. ಬಿಳಿಯುಡುಗೆಯ ಉಳಿದವರಂತೆ ಅವಳೂ ಕಾಲ್ಬೆರಳ ತುದಿಯ ಮೇಲೆ ಕುಣಿಯುತ್ತಾಳೆ.

1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪೆಟಿಪಾ ಕಟ್ಟಿದ ‘ಲಾ ಬಯಾದೇರ್’ನ ನಾಯಕಿಯೂ ದೇವಾಲಯದ ನರ್ತಕಿಯೇ. ಅಲ್ಲಿಯೂ ಭಾರತವಿರುವುದು ಉಡುಗೆಯಲ್ಲಿ, ಹೆಜ್ಜೆಯಲ್ಲಲ್ಲ.

ಈ ಹಿನ್ನೆಲೆಯಲ್ಲಿ ಅಕ್ರಂ ಖಾನ್ ಅವರ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. 1974ರಲ್ಲಿ ಲಂಡನ್ನಿನಲ್ಲಿ, ಬಾಂಗ್ಲಾದೇಶದಿಂದ ಬಂದ ಕುಟುಂಬದಲ್ಲಿ ಹುಟ್ಟಿದವರು. ಪ್ರತಾಪ್ ಪವಾರ್ ಅವರ ಶಿಷ್ಯರಾಗಿ ಕಥಕ್ ಕಲಿತವರು. ಹುಡುಗನಾಗಿದ್ದಾಗಲೇ ಪೀಟರ್ ಬ್ರೂಕರ ‘ಮಹಾಭಾರತ’ದಲ್ಲಿ ಪಾತ್ರ ವಹಿಸಿದರು. 2000ದಲ್ಲಿ ಸ್ವಂತ ತಂಡ ಕಟ್ಟಿದರು. 2006ರಲ್ಲಿ ಬ್ಯಾಲೆಯ ತಾರೆ ಸಿಲ್ವಿ ಗಿಲ್ಲೆಮ್ ಅವರೊಡನೆ ಒಂದೇ ರಂಗದ ಮೇಲೆ ನಿಂತರು. 2014ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗಾಗಿ ‘ಡಸ್ಟ್’ ಸಂಯೋಜಿಸಿದರು. 2016ರಲ್ಲಿ ಅದೇ ಸಂಸ್ಥೆ ಅವರಿಗೆ ಒಪ್ಪಿಸಿದ್ದು ‘ಜಿಸೆಲ್’ ಅನ್ನೇ.

ಖಾನ್ ಅದನ್ನು ಕಥಕ್ ಮಾಡಲು ಹೋಗಲಿಲ್ಲ. ಜಿಸೆಲ್ ಇಲ್ಲಿ ಮುಚ್ಚಿಹೋದ ಬಟ್ಟೆ ಕಾರ್ಖಾನೆಯ ವಲಸೆ ಕೆಲಸಗಾರ್ತಿ. ಟಿಮ್ ಯಿಪ್ ರೂಪಿಸಿದ ದೊಡ್ಡ ಗೋಡೆಯೊಂದು ಅವಳ ಜನವನ್ನು ಒಡೆಯರಿಂದ ಬೇರ್ಪಡಿಸುತ್ತದೆ. ಮೊದಲ ಅಂಕದಲ್ಲಿ ಕೆಲಸಗಾರರ ಮೈ ನೆಲದತ್ತ ಬಾಗುತ್ತದೆ; ಕಥಕ್‌ನ ಪಾದವೂ ನೆಲವನ್ನೇ ನಂಬಿದ್ದಲ್ಲವೆ? ಬೆರಳ ತುದಿಯ ನಡೆಯನ್ನು ಖಾನ್ ಎರಡನೆಯ ಅಂಕದ ಪ್ರೇತಗಳಿಗೆ ಮೀಸಲಿಟ್ಟರು. ನೆಲ ಕಳೆದುಕೊಂಡವರು ಮಾತ್ರ ಹಾಗೆ ನಡೆಯುತ್ತಾರೆ. ಅವರ ಕೈಯಲ್ಲಿ ಉದ್ದನೆಯ ಕೋಲುಗಳಿವೆ. ಚಿತ್ರೀಕರಿಸಿದ ಪ್ರಯೋಗವನ್ನು ನೋಡುತ್ತಿದ್ದಾಗ ನನಗೆ 2013ರಲ್ಲಿ ಢಾಕಾದ ಬಳಿ ಕುಸಿದ ರಾಣಾ ಪ್ಲಾಜಾ ಕಟ್ಟಡ ನೆನಪಾಯಿತು. ಅಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಉಡುಪು ಹೊಲಿಯುವವರು, ಅವರಲ್ಲಿ ಹೆಂಗಸರೇ ಹೆಚ್ಚು.

ಎರಡು ನಾಡಿನ ಕಲೆ ಬೆರೆಯಿತೆಂದು ಹೊಗಳುವುದು ಸುಲಭ. ಯಾರ ಮೈ ಯಾರ ಕಥೆಯನ್ನು ಹೊತ್ತಿದೆ ಎಂದು ಕೇಳುವುದು ಅದಕ್ಕಿಂತ ಮುಖ್ಯವೆಂದು ನನ್ನ ಎಣಿಕೆ. 2018ರಲ್ಲಿ ಖಾನ್ ‘ಕ್ಸೆನೋಸ್’ ಎಂಬ ತಮ್ಮ ಕೊನೆಯ ಪೂರ್ಣಾವಧಿ ಏಕವ್ಯಕ್ತಿ ನೃತ್ಯವನ್ನು ರಂಗಕ್ಕೆ ತಂದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿದ ಭಾರತದ ಸಿಪಾಯಿಯ ಕಥೆ ಅದರದು. ಅದಕ್ಕೆ ಕೊನ್ನಕ್ಕೋಲು ಹೇಳಿ, ತಾಳವಾದ್ಯ ನುಡಿಸಿದವರು ನಮ್ಮ ಬೆಂಗಳೂರಿನ ಬಿ. ಸಿ. ಮಂಜುನಾಥ್. ಅಲ್ಲಿ ನರ್ತಕನ ಗೆಜ್ಜೆಯೇ ಸಂಕೋಲೆಯಾಗುತ್ತದೆ. ಅಮನಿಯ ಗೆಜ್ಜೆಯನ್ನು ಪ್ಯಾರಿಸ್ಸು ಕೌತುಕವೆಂದು ಕೇಳಿತ್ತು. ಖಾನರ ಗೆಜ್ಜೆಯನ್ನು ಯುರೋಪು ತನ್ನ ಚರಿತ್ರೆಯ ಸದ್ದೆಂದೇ ಕೇಳಬೇಕಾಯಿತು.