ನೀರಿಗೆ ಎತ್ತರ, ಜನಕ್ಕೆ ದೂರ

ನಮ್ಮ ಸೀಮೆಯ ಇತಿಹಾಸ | ಭಾಗ 4

ಮಳೆಗಾಲ ಬಂತು ಅಂದ್ರೆ ಸಾಗರದ ಕಡೆ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ: 1819. ಲಿಂಗನಮಕ್ಕಿ ತುಂಬಿದಾಗ ನೀರು ಸಮುದ್ರಮಟ್ಟದಿಂದ 1819 ಅಡಿ ಮೇಲೆ ನಿಂತಿರುತ್ತೆ. ಈ ಎತ್ತರಕ್ಕೆ ಯಾಕಿಷ್ಟು ಬೆಲೆ ಗೊತ್ತಾ?

ಹೈಸ್ಕೂಲ್ ಪಾಠ ನೆನಪು ಮಾಡ್ಕೊಳ್ಳಿ. ಕೆಲಸ = ಬಲ × ಬಲದ ದಿಕ್ಕಿನಲ್ಲಿ ಸಾಗಿದ ದೂರ. 'ಕೆಲಸ' ಅನ್ನೋ ಪದಕ್ಕೆ ಈ ಅರ್ಥ ಕೊಟ್ಟಿದ್ದು ಫ್ರಾನ್ಸಿನ ಕೊರಿಯೊಲಿಸ್, 1829ರಲ್ಲಿ, ಯಂತ್ರಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಈಗ ಅದನ್ನ ಜೋಗಕ್ಕೆ ಹಾಕಿ ನೋಡಿ. ಒಂದು ಲೀಟರ್ ನೀರಿನ ಭಾರ ಸುಮಾರು 9.8 ನ್ಯೂಟನ್, ಬೀಳೋದು 253 ಮೀಟರ್. ಗುಣಿಸಿದ್ರೆ ಸುಮಾರು 2,480 ಜೂಲ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದ್ರೆ 36 ಲಕ್ಷ ಜೂಲ್. ಯಂತ್ರದಲ್ಲಿ ಏನೂ ನಷ್ಟ ಆಗಲ್ಲ ಅಂತ ಇಟ್ಕೊಂಡ್ರೂ, ಒಂದು ಯೂನಿಟ್‌ಗೆ ಸುಮಾರು 1,450 ಲೀಟರ್ ನೀರು ಅಷ್ಟು ಎತ್ತರದಿಂದ ಬೀಳಬೇಕು!

ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ ಸಾಗರಕ್ಕೆ ಬರೋ ಶರಾವತಿಯನ್ನ ಕಟ್ಟಿದ್ದು ಇದಕ್ಕೇ. ಮೊದಲು 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟು. ಆಮೇಲೆ 1964ರಲ್ಲಿ ಲಿಂಗನಮಕ್ಕಿ, ಹಳೇ ಅಣೆಕಟ್ಟನ್ನೇ ಮುಳುಗಿಸುವಷ್ಟು ದೊಡ್ಡದು. ಇದರ ನೀರಿಂದ ನಡೆಯೋ ಶರಾವತಿ ವಿದ್ಯುದಾಗಾರದಲ್ಲಿ 10 ಘಟಕ, ಒಟ್ಟು 1,035 ಮೆಗಾವಾಟ್.

ಆದ್ರೆ ನೀರು ಮೇಲೆ ನಿಲ್ಲಬೇಕು ಅಂದ್ರೆ ಎಲ್ಲೋ ಹರಡಬೇಕಲ್ವಾ? ಅದು ಹರಡಿದ್ದು ಜನರ ಗದ್ದೆ, ತೋಟ, ಮನೆಗಳ ಮೇಲೆ. ಎಷ್ಟೋ ಕುಟುಂಬಗಳು ಪಾತ್ರೆ-ಪಗಡ, ದನಕರು ಸಮೇತ ಬೇರೆ ಕಡೆ ಹೋದವು. ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರು ಸಾಗರಕ್ಕೆ ಬರೋಕೆ ದಶಕಗಳ ಕಾಲ ಲಾಂಚ್‌ಗೆ ಕಾದರು. ಸೇತುವೆ ಬಂದಿದ್ದು 2025ರ ಜುಲೈನಲ್ಲಿ.

ಭೌತಶಾಸ್ತ್ರದ ಪುಸ್ತಕದಲ್ಲಿ ಇನ್ನೊಂದು ಉದಾಹರಣೆ ಇರುತ್ತೆ: ತಲೆ ಮೇಲೆ ಹೊರೆ ಹೊತ್ತು ಸಮತಟ್ಟಾದ ದಾರೀಲಿ ಎಷ್ಟು ದೂರ ನಡೆದ್ರೂ, ಗುರುತ್ವದ ವಿರುದ್ಧ ಮಾಡಿದ ಕೆಲಸ ಸೊನ್ನೆ. ಸೂತ್ರದ ಪ್ರಕಾರ ಅದು ಸರಿ. ಆದ್ರೆ ನಾನು ಬಿಕಾಂ ಓದೋನು, ಖರ್ಚು ಬರೀದೆ ಬರೀ ಜಮಾ ತೋರಿಸೋ ಪುಸ್ತಕ ನಂಗೆ ಒಪ್ಪಿಗೆ ಆಗಲ್ಲ. ನೀರು ಬಿದ್ದ ಲೆಕ್ಕ ಪ್ರತಿದಿನ ಬರೆದಿದ್ದಾರೆ. ಜನ ಎದ್ದು ಹೋದ ಲೆಕ್ಕ ಪೂರ್ತಿ ಮುಗಿದಿಲ್ಲ. ಹೊಸ ಜಾಗದ ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳ ಕಾಲದಲ್ಲೂ ಹೋರಾಟ ನಡೀತಿದೆ.

ನಿಮ್ಮ ಮನೇಲಿ ಅಜ್ಜ-ಅಜ್ಜಿ ಇದ್ರೆ ಇವತ್ತು ರಾತ್ರಿ ಕೇಳಿ: ಮುಳುಗಿದ ಊರಿನ ಹೆಸರೇನು, ಅಲ್ಲಿಂದ ಎಲ್ಲಿಗೆ ಹೋದ್ರು? ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗದಲ್ಲಿ ಆ ಹೆಸರುಗಳನ್ನೇ ಹಾಕ್ತೀನಿ.

#ಶರಾವತಿ #ಲಿಂಗನಮಕ್ಕಿ #ಸಾಗರ #ಹೊಸನಗರ